ಮನೆವಾರ್ತೆಯಲ್ಲಿ ಮಿತವ್ಯಯ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ವರಮಾನವನ್ನು ಮೀರಿ ವೆಚ್ಚ ಮಾಡಬಾರದೆಂಬ ಅದರ ಆಶಯ ಒಪ್ಪತಕ್ಕದ್ದೇ. ಆದರೆ ಮಿತವ್ಯಯದ ಮಾತು ಬಂದಾಗಲೆಲ್ಲ ಈ ಒಂದೇ ಗಾದೆಯನ್ನು ಮುಂದಿಡುವುದರಿಂದ ನಮ್ಮಲ್ಲಿ ಒಂದು ತಪ್ಪು ಕಲ್ಪನೆ ಬೇರೂರಿದೆ. ಕಾಲನ್ನು ಮಡಚಿಕೊಳ್ಳುವುದೇ, ಎಂದರೆ ಬೇಕಾದುದನ್ನು ಬಿಟ್ಟುಕೊಡುವುದೇ, ಉಳಿತಾಯವೆಂದು ಜನರು ತಿಳಿದುಬಿಟ್ಟಿದ್ದಾರೆ. ಹಾಸಿಗೆಯನ್ನೇ ಉದ್ದ ಮಾಡುವ ಇನ್ನೊಂದು ದಾರಿಯೂ ಇದೆ. ಅದನ್ನು ತೋರಿಸಿಕೊಟ್ಟವರು ಅರ್ಥಶಾಸ್ತ್ರದ ಪಂಡಿತರಲ್ಲ. ಉತ್ತರ ಕನ್ನಡ ಜಿಲ್ಲೆಯ ಕಾಡಂಚಿನ ಹಳ್ಳಿಗಳ ಹೆಣ್ಣುಮಕ್ಕಳು.

ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಎಡೆಯಲ್ಲಿ ಮುಂಡಗೋಡ ತಾಲ್ಲೂಕು ಇದೆ. ಒಂದು ಕಡೆ ಶಿರಸಿ, ಯಲ್ಲಾಪುರಗಳ ಕಾಡು. ಇನ್ನೊಂದು ಕಡೆ ಹುಬ್ಬಳ್ಳಿಯತ್ತ ಹರಡಿದ ಹೊಲಗದ್ದೆಗಳು. ಇಲ್ಲಿಯೂ ನೆರೆಯ ಯಲ್ಲಾಪುರ, ಹಳಿಯಾಳ ತಾಲ್ಲೂಕುಗಳಲ್ಲಿಯೂ ಸಿದ್ದಿ ಸಮುದಾಯದವರು ನೆಲೆಸಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ, ಬಹುಮಟ್ಟಿಗೆ ಗುಲಾಮರಾಗಿ, ಈ ನಾಡಿಗೆ ತರಲ್ಪಟ್ಟವರ ಸಂತತಿ ಅವರು. ಮಳೆಗಾಲದ ತೇವವನ್ನೂ ಮಾಗಿಯ ಚಳಿಯನ್ನೂ ತಡೆಯಲು ಅವರ ಮನೆಯ ಹೆಂಗಸರು ಹೊಲಿಯುವ ಕೌದಿಗಳು ನೋಡತಕ್ಕಂಥವು. ಕೌದಿಗೆಂದು ಅವರು ಹೊಸ ಬಟ್ಟೆಯನ್ನು ಕೊಳ್ಳುವುದಿಲ್ಲ. ಸವೆದ ಸೀರೆಯೊಂದನ್ನು ತಳಕ್ಕೆ ಹಾಸುತ್ತಾರೆ. ಹರಿದ ಅಂಗಿ, ಲಂಗ, ಪಂಚೆಗಳಲ್ಲಿ ಗಟ್ಟಿ ಉಳಿದ ಭಾಗಗಳನ್ನು ಕತ್ತರಿಸಿ ಅದರ ಮೇಲೆ ಒಂದೊಂದಾಗಿ ಇಡುತ್ತಾರೆ. ಅಂಚಿನಿಂದ ಆರಂಭಿಸಿ ಸುತ್ತಲೂ ಹೊಲಿಯುತ್ತ ನಡುವಿನತ್ತ ಸಾಗುತ್ತಾರೆ. ಅಳತೆಪಟ್ಟಿಯಿಲ್ಲ, ಯಂತ್ರವಿಲ್ಲ, ಆದರೂ ಸಾಲುಗಳು ಸಾಲಾಗಿಯೇ ಬರುತ್ತವೆ. ಕೊನೆಯಲ್ಲಿ ನಾಲ್ಕು ಮೂಲೆಗಳಿಗೂ ಬಣ್ಣದ ಬಟ್ಟೆಯನ್ನು ಮಡಚಿ ಮಾಡಿದ ತ್ರಿಕೋನಗಳನ್ನು ಕೂಡಿಸುತ್ತಾರೆ. ಇವುಗಳಿಗೆ ‘ಫೂಲ’, ಅಂದರೆ ಹೂವು, ಎಂದು ಹೆಸರು. ಹೂವಿಲ್ಲದಿದ್ದರೂ ಕೌದಿ ಬೆಚ್ಚಗೇ ಇರುತ್ತದೆ. ಆದರೆ ಹೂವಿಲ್ಲದೆ ಅದು ಪೂರ್ಣವಾಯಿತೆಂದು ಅವರು ಒಪ್ಪುವುದಿಲ್ಲ. ಬಡತನದಲ್ಲಿಯೂ ಚೆಲುವನ್ನು ಬಿಟ್ಟುಕೊಡದ ಈ ಹಟ ನನಗೆ ಬಹಳ ಹಿಡಿಸಿದೆ. ಈ ಕೌದಿಗಳು ಇಂದು ಅಮೆರಿಕದ ಪ್ರದರ್ಶನಾಲಯಗಳಲ್ಲಿಯೂ ಸ್ಥಾನ ಪಡೆದಿವೆ.

ಸಿದ್ದಿಯರಷ್ಟೇ ಅಲ್ಲ, ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ಅಜ್ಜಿಯಂದಿರು ಕೌದಿ ಹೊಲಿದವರೇ. ಅಜ್ಜಿಯ ಸೀರೆ, ಅಪ್ಪನ ಅಂಗಿ, ಮಗುವಿನ ಕುಲಾವಿ ಎಲ್ಲವೂ ಒಂದೇ ಹೊದಿಕೆಯೊಳಗೆ ಸೇರಿ ಮತ್ತೆ ಹತ್ತಾರು ವರ್ಷ ಬಾಳುತ್ತವೆ. ಒಂದು ವಸ್ತುವಿನಲ್ಲಿರುವ ಉಪಯೋಗವೆಲ್ಲ ತೀರುವವರೆಗೆ ಅದನ್ನು ಕೈಬಿಡದಿರುವುದೇ ಇಲ್ಲಿನ ಜಾಣ್ಮೆ.

ಇದೇ ಜಾಣ್ಮೆಯನ್ನು ನಮ್ಮ ಅಡುಗೆಮನೆಗಳಲ್ಲಿಯೂ ಕಾಣಬಹುದು. ಹಲಸಿನ ಕಾಲದಲ್ಲಿ ಎಳೆಯ ಕಾಯಿ ಪಲ್ಯಕ್ಕೆ, ಬಲಿತ ಕಾಯಿಯ ತೊಳೆ ಹಪ್ಪಳಕ್ಕೆ, ಹಣ್ಣು ಕಡುಬಿಗೆ, ಬೀಜ ಸಾರಿಗೆ, ಸಿಪ್ಪೆ ದನಗಳಿಗೆ. ಮಳೆಗಾಲದಲ್ಲಿ ತರಕಾರಿ ದುಬಾರಿಯಾದಾಗ ಬೇಸಿಗೆಯಲ್ಲಿ ಒಣಗಿಸಿಟ್ಟ ಹಪ್ಪಳ, ಜೋಪಾನ ಮಾಡಿದ ಬೀಜ ಕೈಹಿಡಿಯುತ್ತವೆ. ಹೀರೆಕಾಯಿಯ ಸಿಪ್ಪೆ ಚಟ್ನಿಯಾಗುತ್ತದೆ. ಕಲ್ಲಂಗಡಿಯ ಬಿಳಿಯ ತಿರುಳು ದೋಸೆಯ ಹಿಟ್ಟಿಗೆ ಸೇರುತ್ತದೆ. ಅಕ್ಕಿ ತೊಳೆದ ನೀರು ಕೊಟ್ಟಿಗೆಗೆ ಹೋಗುತ್ತದೆ. ಇವನ್ನು ತಿಂದವರು ಯಾರೂ ಬಡವರ ಊಟವೆಂದು ಮುಖ ತಿರುಗಿಸಿದ್ದನ್ನು ನಾನು ಕಂಡಿಲ್ಲ. ರುಚಿಯ ಮುಂದೆ ಅಂತಹ ಬಿಗುಮಾನ ಉಳಿಯುವುದಿಲ್ಲ.

ಇನ್ನು ಉರುವಲಿನ ವಿಷಯ. ನೀವು ವಿಜ್ಞಾನದ ಪಾಠದಲ್ಲಿ ಕಲಿತ ಸಂಗತಿಯೊಂದು ಇಲ್ಲಿ ನೆರವಾಗುತ್ತದೆ. ತೆರೆದ ಪಾತ್ರೆಯಲ್ಲಿ ನೀರು ಸುಮಾರು 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕುದಿಯುತ್ತದೆ. ಕುದಿ ಬಂದ ಮೇಲೆ ಉರಿಯನ್ನು ಎಷ್ಟು ಹೆಚ್ಚಿಸಿದರೂ ನೀರು ಅದಕ್ಕಿಂತ ಬಿಸಿಯಾಗದು. ಬೇಗ ಆವಿಯಾಗುವುದು, ಅಷ್ಟೆ. ಆದ್ದರಿಂದ ಕುದಿ ಬಂದೊಡನೆ ಉರಿಯನ್ನು ತಗ್ಗಿಸಿ ಮುಚ್ಚಳ ಹಾಕುವವರು ಅನಿಲವನ್ನು ಉಳಿಸುತ್ತಾರೆ, ಅನ್ನವೂ ಅದೇ ವೇಳೆಗೆ ಬೇಯುತ್ತದೆ. ಕಾಳುಗಳನ್ನು ಹಿಂದಿನ ರಾತ್ರಿ ನೆನೆಹಾಕುವುದರಿಂದಲೂ ಹೀಗೆಯೇ ಲಾಭವುಂಟು.

ಆದರೆ ಕಟ್ಟಿಗೆಯ ಒಲೆಯ ಲೆಕ್ಕ ಇಷ್ಟು ಸರಳವಾದುದಲ್ಲ. ಕಾಡಿನ ಕಟ್ಟಿಗೆಗೆ ಹಣ ಕೊಡಬೇಕಾಗಿಲ್ಲ, ಆದ್ದರಿಂದ ಅದೇ ಅಗ್ಗವೆಂದು ಅನೇಕರು ವಾದಿಸುತ್ತಾರೆ. ಅದನ್ನು ತಲೆಯ ಮೇಲೆ ಹೊತ್ತು ತರುವವರು ಯಾರು? ಅದರ ಹೊಗೆಯಲ್ಲಿ ಕಣ್ಣೀರು ಸುರಿಸುತ್ತ ಕೆಮ್ಮುವವರು ಯಾರು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ವಿಭಾಗ ಆರಂಭವಾಯಿತು. ಹಳ್ಳಿಗಳಿಗೆ ಒದಗುವ ತಂತ್ರವಿದ್ಯೆಯನ್ನು ರೂಪಿಸುವುದು ಅದರ ಗುರಿ. ಮೂರು ಕಲ್ಲಿನ ಒಲೆಯಲ್ಲಿ ಉರಿಯ ಬಹುಪಾಲು ಶಾಖ ಪಾತ್ರೆಗೆ ತಗುಲದೆ ಗಾಳಿಗೆ ಹೋಗುತ್ತದೆಂಬುದನ್ನು ಗಮನಿಸಿ, ಉರಿ ಪಾತ್ರೆಯ ತಳಕ್ಕೇ ತಾಗುವಂತೆಯೂ ಹೊಗೆ ಕೊಳವೆಯ ಮೂಲಕ ಹೊರಹೋಗುವಂತೆಯೂ ಅಲ್ಲಿನ ವಿಜ್ಞಾನಿಗಳು ‘ಅಸ್ತ್ರ ಒಲೆ’ಯನ್ನು ರಚಿಸಿದರು. ಕಟ್ಟಿಗೆಯ ಉಳಿತಾಯವೇ ಇದರ ದೊಡ್ಡ ಗುಣವೆಂದು ಹೇಳುವುದುಂಟು. ನನ್ನ ಮಟ್ಟಿಗೆ, ಹೊರೆ ಹೊರುವ ಕುತ್ತಿಗೆಗೂ ಹೊಗೆ ಕುಡಿಯುವ ಎದೆಗೂ ದೊರೆತ ಬಿಡುವೇ ಅದರ ದೊಡ್ಡ ಗುಣ.

ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲಿಯೇ ಇದೆ. ಅನೇಕ ಸಂಸಾರಗಳಲ್ಲಿ ಉಳಿತಾಯವೆಂದು ಕರೆಯಲ್ಪಡುವುದು ನಿಜವಾಗಿ ಉಳಿತಾಯವಲ್ಲ. ಒಬ್ಬರ ಹೆಗಲಿನ ಭಾರವನ್ನು ಇನ್ನೊಬ್ಬರ ಹೆಗಲಿಗೆ ಸಾಗಿಸುವುದು. ಎಲ್ಲರೂ ಉಂಡ ಮೇಲೆ ಪಾತ್ರೆಯ ತಳದಲ್ಲಿ ಉಳಿದುದನ್ನು ತಾಯಿ ಉಣ್ಣುತ್ತಾಳೆ. ಜ್ವರ ಬಂದರೆ ಮನೆಯಲ್ಲಿ ಎಲ್ಲರಿಗಿಂತ ತಡವಾಗಿ ವೈದ್ಯರ ಬಳಿಗೆ ಹೋಗುವವಳು ಅವಳೇ. ಬಸ್ಸಿನ ಖರ್ಚು ಹೆಚ್ಚಾಯಿತೆಂದು ಶಾಲೆ ಬಿಡಿಸುವ ಪ್ರಸಂಗ ಬಂದರೆ ಮೊದಲು ಮಗಳ ಹೆಸರು ಬರುತ್ತದೆ. ಇದನ್ನು ತ್ಯಾಗವೆಂದು ಹೊಗಳಿ ಹಾಡಿ ನಾವು ಸುಮ್ಮನಾಗಿದ್ದೇವೆ. ಅದೇ ಮನೆಯ ಯಜಮಾನನು ಗುಟ್ಕಾಕ್ಕೆಂದು ದಿನಕ್ಕೆ 10 ರೂಪಾಯಿ ಕಳೆದರೆ ವರ್ಷಕ್ಕೆ 3650 ರೂಪಾಯಿ ಆಗುತ್ತದೆ; ಆ ಹಣದ ಮೇಲೆ ಬಾಯಿಯ ರೋಗವನ್ನೂ ಅವನು ಕೊಂಡು ತಂದಂತಾಯಿತು. ಅಡುಗೆಮನೆಯಲ್ಲಿ ಸಾಸಿವೆಯನ್ನು ಎಣಿಸುವ ಸಂಸಾರ ಜಗಲಿಯ ಮೇಲಿನ ಈ ವೆಚ್ಚವನ್ನು ಏಕೆ ಎಣಿಸುವುದಿಲ್ಲ? ಹಾಲು, ಮೊಟ್ಟೆ, ಕಾಳು, ಔಷಧ, ಪುಸ್ತಕ ಇವುಗಳಲ್ಲಿ ಕಡಿತ ಮಾಡಿ ಉಳಿಸಿದ ಹಣ ಮುಂದೆ ಆಸ್ಪತ್ರೆಗೋ ಸಾಲಗಾರನಿಗೋ ಸಲ್ಲುವುದೇ ಹೆಚ್ಚು.

ಭಾರವು ಒಂದು ಮನೆಯಿಂದ ಬಲುದೂರ ಸಾಗುವುದೂ ಉಂಟು. ವಿದ್ಯುತ್ತನ್ನೇ ನೋಡಿ. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ 5 ಗಂಟೆಯಂತೆ 30 ದಿನ ಉರಿದರೆ 9 ಯೂನಿಟ್ ಬೇಕು. ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿ ದೀಪಕ್ಕೆ ಒಂದೂವರೆ ಯೂನಿಟ್ ಕೂಡ ಬೇಡ. ಕರ್ನಾಟಕದಲ್ಲಿ 2023ರಲ್ಲಿ ಗೃಹಜ್ಯೋತಿ ಯೋಜನೆ ಆರಂಭವಾದಾಗ, ಬಿಲ್ಲೇ ಬಾರದಿದ್ದ ಮೇಲೆ ದೀಪವನ್ನು ಆರಿಸುವ ಗೊಡವೆ ಏಕೆಂದು ಕೇಳಿದವರಿದ್ದರು. ಅವರು ಜೋಯಿಡಾದತ್ತ ಒಮ್ಮೆ ನೋಡಬೇಕು. ನಮ್ಮ ಜಿಲ್ಲೆಯ ಕಾಳಿ ನದಿಗೆ ಅಲ್ಲಿ ಅಣೆಕಟ್ಟು ಕಟ್ಟಿದಾಗ ಸೂಪಾ ಎಂಬ ಊರೇ ನೀರಿನಲ್ಲಿ ಮುಳುಗಿತು. ಸೂಪಾ ಆಗ ತಾಲ್ಲೂಕಿನ ಮುಖ್ಯಸ್ಥಳವಾಗಿತ್ತು. ಮನೆ, ಗದ್ದೆ, ದೇವಸ್ಥಾನಗಳನ್ನು ಬಿಟ್ಟು ಜನರು ಬೇರೆಡೆಗೆ ಹೋದರು. ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ಅಂಬಿಕಾನಗರದ ಬಳಿಯ ನಾಗಝರಿ ವಿದ್ಯುದಾಗಾರಕ್ಕೆ ಆ ನೀರೇ ಆಧಾರ. ಯಾರೂ ಇಲ್ಲದ ಕೋಣೆಯಲ್ಲಿ ಪಂಕ ತಿರುಗುತ್ತಿರುವಾಗ ಅದಕ್ಕೆ ಬೆಲೆ ತೆತ್ತವರು ಯಾರೂ ಇಲ್ಲವೆಂದು ಹೇಳಲಾದೀತೆ?

ಉಳಿಸಿದ ಹಣವನ್ನು ಎಲ್ಲಿಡಬೇಕೆಂಬುದೂ ಒಂದು ಪ್ರಶ್ನೆಯೇ. ಸಾಸಿವೆ ಡಬ್ಬಿಯ ತಳದ ನೋಟಿಗೆ ಬಡ್ಡಿ ಹುಟ್ಟುವುದಿಲ್ಲ. ಮೇಲಾಗಿ ಮನೆಯ ಎಲ್ಲರಿಗೂ ಆ ಡಬ್ಬಿ ಗೊತ್ತಿರುತ್ತದೆ. ಕರಾವಳಿಯ ಉಡುಪಿಯಲ್ಲಿ 1925ರಲ್ಲಿ ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಇವರು ಸ್ಥಾಪಿಸಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದುದು, 1928ರಲ್ಲಿ ‘ಪಿಗ್ಮಿ’ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿಯೇ ಪ್ರತಿದಿನ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಲೆಕ್ಕ ಬರೆಯುತ್ತಿದ್ದನು. ರೂಪಾಯಿಗೆ ಹದಿನಾರು ಆಣೆಗಳಿದ್ದ ಆ ಕಾಲದಲ್ಲಿ 30 ದಿನಗಳ ಎರಡಾಣೆ ಸೇರಿದರೆ ಮೂರು ರೂಪಾಯಿ ಹನ್ನೆರಡಾಣೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದ ಕೂಲಿಕಾರರೂ ಅಂಗಡಿಯವರೂ ಹೀಗೆ ಖಾತೆದಾರರಾದರು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಡನೆ ವಿಲೀನವಾಯಿತು. 2000-01ರಲ್ಲಿ ರಾಜ್ಯ ಸರ್ಕಾರ ಸ್ತ್ರೀಶಕ್ತಿ ಯೋಜನೆಯನ್ನು ಆರಂಭಿಸಿದ ಮೇಲೆ ಹಳ್ಳಿಗಳ ಮಹಿಳೆಯರೇ ಗುಂಪು ಕಟ್ಟಿ ವಾರವಾರವೂ ಹಣ ಕೂಡಿಸಿ, ತಮ್ಮತಮ್ಮಲ್ಲಿ ಸಾಲ ಕೊಟ್ಟುಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಹತ್ತು ವರ್ಷ ತುಂಬಿದ ನೀವೂ ಅಂಚೆ ಕಚೇರಿಯಲ್ಲಿ ನಿಮ್ಮ ಹೆಸರಿನಲ್ಲಿಯೇ ಉಳಿತಾಯ ಖಾತೆಯನ್ನು ತೆರೆಯಬಹುದು.

ಇದಕ್ಕೆ ಮೊದಲು ಒಂದು ಕೆಲಸವಿದೆ. ಹಳೆಯ ನೋಟುಪುಸ್ತಕದ ಉಳಿದ ಹಾಳೆಗಳನ್ನು ಸೇರಿಸಿ ಹೊಲಿದು, ಒಂದು ತಿಂಗಳು ಮನೆಯ ಲೆಕ್ಕವನ್ನು ಬರೆಯಿರಿ. ದಿನಸಿ, ಅನಿಲ, ಬಸ್ಸು, ಮೊಬೈಲು, ಚಹಾದಂಗಡಿ, ಕಂತು, ಔಷಧ ಎಲ್ಲಕ್ಕೂ ಒಂದೊಂದು ಕಲಮು ಇರಲಿ. ಹಬ್ಬ, ಜಾತ್ರೆಗಳ ವೆಚ್ಚವನ್ನು ಮರೆಮಾಚಬೇಕಾಗಿಲ್ಲ. ಕೌದಿಗೂ ಮೂಲೆಯ ಹೂವುಗಳಿರುತ್ತವೆ. ಆದರೆ ಕೊನೆಯಲ್ಲಿ ಇನ್ನೊಂದು ಕಲಮನ್ನು ಎಳೆಯಿರಿ. ನೀರು ತಂದವರು, ಕಟ್ಟಿಗೆ ಹೊತ್ತವರು, ಹರಿದ ಬಟ್ಟೆ ಹೊಲಿದವರು ಯಾರು, ಎಷ್ಟು ಗಂಟೆ ಎಂಬುದನ್ನು ಅದರಲ್ಲಿ ದಿನವೂ ನಮೂದಿಸಿರಿ. ತಿಂಗಳು ಮುಗಿದ ದಿನ ರಾತ್ರಿ ಊಟವಾದ ಮೇಲೆ, ತಾಯಿಯನ್ನೂ ಕೂಡಿಸಿಕೊಂಡು, ಆ ಕಲಮಿನ ಮೊತ್ತವನ್ನು ಮನೆಯವರೆಲ್ಲರ ಮುಂದೆ ಗಟ್ಟಿಯಾಗಿ ಓದಿರಿ.