ಉದ್ಯಾನ: ನಗರದ ಮೂಲಧನ

1896ರಲ್ಲಿ ಮುಂಬಯಿಗೆ ಪ್ಲೇಗು ಮಾರಿ ಬಡಿದಾಗ, ಗಾಳಿ ಬೆಳಕಿಲ್ಲದ ವಸತಿಗಳ ಇಕ್ಕಟ್ಟು ಎಷ್ಟು ಮಾರಕವೆಂಬುದು ಆಳುವವರಿಗೆ ಮನವರಿಕೆಯಾಯಿತು. 1898ರಲ್ಲಿ ನಗರ ಸುಧಾರಣಾ ಟ್ರಸ್ಟು ಸ್ಥಾಪಿತವಾಯಿತು. ದಾದರ್-ಮಾಟುಂಗಾದ ಅಗಲ ಬೀದಿಗಳೂ ಐದು ಉದ್ಯಾನಗಳೂ ಅದರ ಯೋಜನೆಯ ಫಲ.

ಬಯಲೆಂಬುದು ವ್ಯರ್ಥವಾಗಿ ಬಿದ್ದ ನೆಲವಲ್ಲ, ನಾಗರಿಕರ ಆರೋಗ್ಯದ ಮೂಲಧನ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮ ಅವಶ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರುತ್ತದೆ. ಒಂದೇ ಕೋಣೆಯ ಸಂಸಾರಿ ಎಲ್ಲಿ ನಡೆಯಬೇಕು? ಊರಿನ ಜಗಲಿಯನ್ನು ತೊರೆದು ಮಗನ ಮನೆಗೆ ಬಂದ ವೃದ್ಧರಿಗೆ ಉದ್ಯಾನದ ಕಲ್ಲುಬೆಂಚೇ ಜಗಲಿ. ಕನ್ನಡದ ಎರಡು ಮಾತು ದೊರೆಯುವುದೂ ಅಲ್ಲಿಯೇ.

ಬಡ್ಡಿಯನ್ನು ಉಣ್ಣಬಹುದು, ಅಸಲನ್ನು ಕರಗಿಸಲಾಗದು. ಉದ್ಯಾನದ ಮೂಲೆಯೊಂದು ವಾಹನ ನಿಲುಗಡೆಗೆ ಸಂದಾಗ, ತಾನು ಹೊರಗಿನವನೆಂದು ಮೌನ ತಾಳುವ ಕನ್ನಡಿಗನೂ ಆ ನಷ್ಟಕ್ಕೆ ಪಾಲುದಾರನೇ.