ಗುಂಡಿ ರಸ್ತೆಯದ್ದು, ಬುಷ್ ಖರ್ಚು ನಮ್ಮದು: ಪೀಣ್ಯ ಬೈಕ್ ಸವಾರರ ಭಾನುವಾರದ ಲೆಕ್ಕ

ಪೀಣ್ಯ: ಭಾನುವಾರ ಬೆಳಗ್ಗೆ ಪೀಣ್ಯ ಸುತ್ತಮುತ್ತಲಿನ ಬಾಡಿಗೆ ಮನೆಗಳ ಗಲ್ಲಿಗೆ ಹೋದ್ರೆ ಈ ದೃಶ್ಯ ಮಾಮೂಲಿ. ಗಾಡಿ ಸೆಂಟರ್ ಸ್ಟ್ಯಾಂಡ್ ಮೇಲೆ, ಹಿಂದಿನ ಚಕ್ರ ಗೋಡೆಗೆ ಒರಗಿರುತ್ತೆ, ಹಳೇ ಪೇಪರ್ ಮೇಲೆ ನಟ್ಟು ಬೋಲ್ಟು. ಮನೆಯಲ್ಲೇ ಸ್ವಿಂಗ್ ಆರ್ಮ್ ಬುಷ್ ಬದಲಾಯಿಸ್ತಾ ಇರ್ತಾರೆ. ಹೋದ ತಿಂಗಳು ನಾನೂ ಅದನ್ನೇ ಮಾಡಿದೆ. ಇದು ಬರೀ ರಿಪೇರಿ ವಿಷಯ ಅಲ್ಲ. ರಸ್ತೆ ಕೆಟ್ಟರೆ ಖರ್ಚು ಯಾರ ಜೇಬಿಂದ ಹೋಗುತ್ತೆ ಅನ್ನೋ ಪ್ರಶ್ನೆ.

ಸವೆಯೋದು ಏನು?

ಸ್ವಿಂಗ್ ಆರ್ಮ್ ಅಂದ್ರೆ ಹಿಂದಿನ ಚಕ್ರವನ್ನು ಚಾಸಿಗೆ ಸೇರಿಸೋ ಲೋಹದ ತೋಳು. ಒಂದೇ ಉದ್ದನೆಯ ಬೋಲ್ಟ್ ಮೇಲೆ ಅದು ಮೇಲೆ ಕೆಳಗೆ ಆಡುತ್ತೆ. ಆ ಜಾಗದಲ್ಲಿ ಕಮ್ಯೂಟರ್ ಬೈಕ್‌ಗಳಿಗೆ ಸಾಮಾನ್ಯವಾಗಿ ಬುಷ್, ದುಬಾರಿ ಬೈಕ್‌ಗಳಿಗೆ ಹೆಚ್ಚಾಗಿ ನೀಡಲ್ ಬೇರಿಂಗ್ ಇರುತ್ತೆ. ಗುಂಡಿಗೆ ಇಳಿದಾಗಲೆಲ್ಲ ಶಾಕ್ ಅಬ್ಸಾರ್ಬರ್ ಜೊತೆ ಇದಕ್ಕೂ ಪೆಟ್ಟು. ಮಳೆಗಾಲದಲ್ಲಿ ಕೆಸರು ನೀರು ನುಗ್ಗಿದ್ರೆ ಗ್ರೀಸ್ ಹೋಗಿ ಬೇರಿಂಗ್ ತುಕ್ಕು ಹಿಡಿಯುತ್ತೆ. ಸವೆದ ಮೇಲೆ ತಿರುವಿನಲ್ಲಿ ಹಿಂಬದಿ ಅಲ್ಲಾಡುತ್ತೆ. ತುಮಕೂರು ರಸ್ತೆಯಲ್ಲಿ ಲಾರಿ ಪಕ್ಕ ಹೋಗುವಾಗ ಆ ಅಲ್ಲಾಟ ಜೀವಕ್ಕೇ ಕುತ್ತು.

ಪರೀಕ್ಷೆ ಸುಲಭ. ಸೆಂಟರ್ ಸ್ಟ್ಯಾಂಡ್ ಹಾಕಿ, ಚಕ್ರ ಬಿಟ್ಟು ಸ್ವಿಂಗ್ ಆರ್ಮನ್ನೇ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಆಟ ಇದ್ರೆ ಬುಷ್ ಹೋಗಿದೆ. ಸ್ವಿಂಗ್ ಆರ್ಮ್ ಗಟ್ಟಿ ಇದ್ದು ಚಕ್ರ ಮಾತ್ರ ಆಡಿದ್ರೆ ವೀಲ್ ಬೇರಿಂಗ್ ನೋಡಿಸಿ.

ಬಿಚ್ಚೋದು ಕಷ್ಟ ಅಲ್ಲ: ಚೈನ್, ಚಕ್ರ, ಶಾಕ್‌ನ ಕೆಳಗಿನ ಬೋಲ್ಟ್, ಆಮೇಲೆ ಆ ಉದ್ದ ಬೋಲ್ಟ್. ಹಳೇ ಬುಷ್ ತೆಗೆಯೋದೇ ಕಷ್ಟ. ಸುತ್ತಿಗೆಯಲ್ಲಿ ಹೊಡೆಯಬೇಡಿ, ಬುಷ್ ಕೂರೋ ಜಾಗ ಹಾಳಾಗುತ್ತೆ. ಉದ್ದ ಬೋಲ್ಟ್, ವಾಷರ್, ಸರಿಯಾದ ಅಳತೆಯ ಸಾಕೆಟ್ ಹಾಕಿ ನಟ್ ಬಿಗಿ ಮಾಡ್ತಾ ಹೋದ್ರೆ ಅದೇ ಹೊರಗೆ ಬರುತ್ತೆ. ಬರದಿದ್ರೆ ಪೀಣ್ಯದಲ್ಲಿ ಪ್ರೆಸ್ ಇರೋ ವರ್ಕ್‌ಶಾಪ್‌ಗೇನು ಬರ. ನೀಡಲ್ ಬೇರಿಂಗ್‌ಗೆ ಗ್ರೀಸ್ ತುಂಬಿ. ಅಂಟಿಸಿದ ರಬ್ಬರ್ ಬುಷ್‌ನ ರಬ್ಬರ್‌ಗೆ ಗ್ರೀಸ್ ಬೇಡ. ಕೊನೆಯ ನಟ್ ಅಂದಾಜಲ್ಲಿ ಬಿಗಿಯಬೇಡಿ, ಸರ್ವಿಸ್ ಮ್ಯಾನ್ಯುವಲ್ ನೋಡಿ ಟಾರ್ಕ್ ರೆಂಚ್ ಬಳಸಿ.

ಲೆಕ್ಕಕ್ಕೆ ಸಿಗದ ಖರ್ಚು

ನನ್ನ ಬುಷ್ ನೂರುಗಳ ಲೆಕ್ಕದಲ್ಲಿ ಮುಗೀತು. ಗ್ಯಾರೇಜ್‌ನಲ್ಲಿ ಕೇಳಿದ ಲೇಬರ್ ಅದಕ್ಕಿಂತ ಜಾಸ್ತಿ, ಮೇಲೆ ಒಂದು ದಿನ ಗಾಡಿ ಇಲ್ಲ. ಡೆಲಿವರಿ ಹುಡುಗರಿಗೆ ಗಾಡಿ ಇಲ್ಲದ ದಿನ ಅಂದ್ರೆ ಸಂಪಾದನೆ ಇಲ್ಲದ ದಿನ. ಅದಕ್ಕೇ ಕೆಲಸ ಭಾನುವಾರಕ್ಕೆ, ಮನೆ ಬಾಗಿಲಿಗೆ ಬಂದಿದೆ.

ಗಾಡಿ ತಗೊಳ್ಳುವಾಗಲೇ ಜೀವಾವಧಿ ರಸ್ತೆ ತೆರಿಗೆ ಕಟ್ಟಿರ್ತೀವಿ. ಆ ರಸ್ತೆ ಮುರಿದ ಬುಷ್‌ಗೆ ಮತ್ತೆ ಶೇ 18 ಜಿಎಸ್‌ಟಿ. 2025ರ ಸೆಪ್ಟೆಂಬರ್‌ನಲ್ಲಿ ಬ್ಲ್ಯಾಕ್‌ಬಕ್ ಕಂಪನಿಯ ಮುಖ್ಯಸ್ಥರು ಗುಂಡಿ, ಧೂಳಿನ ಕಾರಣ ಹೇಳಿ ಬೆಳ್ಳಂದೂರು ಬಿಡ್ತೀವಿ ಅಂದಾಗ ದೊಡ್ಡ ಸುದ್ದಿಯಾಯ್ತು. ಪೀಣ್ಯದ ಆಪರೇಟರ್ ಎಲ್ಲಿಗೆ ಹೋಗ್ತಾನೆ? ರಾಜ್ಯದ ಗಿಗ್ ಕಾರ್ಮಿಕರ ಕಾಯ್ದೆಯಲ್ಲಿ ಪ್ರತಿ ವಹಿವಾಟಿಗೆ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ ಇದೆ, ಒಳ್ಳೇದೇ. ಆದರೆ ಅದು ಸಾಮಾಜಿಕ ಭದ್ರತೆಗೆ, ಗಾಡಿ ಸವೆತಕ್ಕಲ್ಲ.

ದಾರಿ ಇದೆ

ಎಲೆಕ್ಟ್ರಾನಿಕ್ ಸಿಟಿಗೆ 2013ರಿಂದ ತನ್ನದೇ ಟೌನ್‌ಶಿಪ್ ಪ್ರಾಧಿಕಾರ, ಎಲ್ಸಿಟಾ ಇದೆ. ಅಲ್ಲಿನ ಆಸ್ತಿ ತೆರಿಗೆಯ ಬಹುಪಾಲು ಅಲ್ಲೇ ಖರ್ಚಾಗುತ್ತೆ. ಅದರ ಒಳರಸ್ತೆಯಲ್ಲಿ ಓಡಿಸಿದವರಿಗೆ ವ್ಯತ್ಯಾಸ ಗೊತ್ತು. ಪೀಣ್ಯದ ಕೈಗಾರಿಕೆಯವರೂ ಇಂಥ ವ್ಯವಸ್ಥೆ ಕೇಳ್ತಾ ಬಂದಿದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು. ಎಷ್ಟು ಗುಂಡಿ ಮುಚ್ಚಿದ್ವಿ ಅಂತ ಲೆಕ್ಕ ಕೊಡೋದರ ಜೊತೆ, ಮುಚ್ಚಿದ ಗುಂಡಿ ಮುಂದಿನ ಮಳೆಗೆ ಎಷ್ಟು ಉಳೀತು ಅನ್ನೋದನ್ನೂ ರಸ್ತೆವಾರು ಹೇಳಲಿ.

ಬುಷ್ ಬದಲಾಯಿಸೋದು ಕಲಿಯಿರಿ, ಖಂಡಿತ. ನಿಮ್ಮ ಜೀವದ ಪ್ರಶ್ನೆ. ಆದರೆ ಬಿಲ್ ಎತ್ತಿಟ್ಟು, ವಾರ್ಡ್ ಸಭೆಗೆ ತಗೊಂಡು ಹೋಗಿ.