ಫಾರ್ಮ್ಯಾಟ್ ಮಾಡಿಸುವ ಮುಂಚೆ

"ಕಂಪ್ಯೂಟರ್ ಆನ್ ಆಗ್ತಿಲ್ಲ, ಏನು ಮಾಡಲಿ?" ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಈ ಪ್ರಶ್ನೆಗೆ ಬಿಡುವೇ ಇಲ್ಲ. "ಮಗುವಿಗೆ ಹುಷಾರಿಲ್ಲ, ಯಾವ ಔಷಧಿ ಕೊಡಲಿ?" ಎಂದು ಕೇಳಿದ ಹಾಗೆ ಇದು. ಜ್ವರವೋ, ಹೊಟ್ಟೆನೋವೋ, ಹೋಂವರ್ಕ್ ಮುಗಿದಿಲ್ಲವೋ ಎಂದು ತಿಳಿಯದೆ ಹೇಳುವುದಾದರೂ ಏನನ್ನು? ಅದಕ್ಕೇ ನಾನು ಮರುಪ್ರಶ್ನೆ ಹಾಕುತ್ತೇನೆ: ಅದು ಎಲ್ಲಿಯವರೆಗೆ ಬಂದು ನಿಂತಿತು?

ಕಂಪ್ಯೂಟರ್ ಒಂದೇ ಸಲಕ್ಕೆ ಎದ್ದು ಕೂರುವುದಿಲ್ಲ. ಗುಂಡಿ ಒತ್ತಿದಾಗ ಮೊದಲು ಏಳುವುದು ವಿಂಡೋಸ್ ಅಲ್ಲ, ಮದರ್‌ಬೋರ್ಡಿನ ಪುಟ್ಟ ಚಿಪ್ಪಿನಲ್ಲಿರುವ ಬಯಾಸ್ ಎಂಬ ತಂತ್ರಾಂಶ. (ಹೊಸ ಯಂತ್ರಗಳಲ್ಲಿ ಇದರ ಜಾಗಕ್ಕೆ ಯುಇಎಫ್‌ಐ ಬಂದಿದೆ. ಅಂಗಡಿಯವರ ಬಾಯಲ್ಲಿ ಎರಡೂ ಬಯಾಸೇ.) ಎಲ್ಲರಿಗಿಂತ ಮೊದಲೆದ್ದು ಹಾಲು ಬಂತಾ, ನಲ್ಲಿಯಲ್ಲಿ ನೀರಿದೆಯಾ, ಗ್ಯಾಸ್ ಇದೆಯಾ ಎಂದು ನೋಡಿ ಆಮೇಲೆ ಮನೆಯವರನ್ನು ಎಬ್ಬಿಸುವ ಅಜ್ಜಿಯ ಕೆಲಸ ಇದರದ್ದು. ರ‍್ಯಾಮ್ ಇದೆಯಾ, ಕೀಬೋರ್ಡ್ ಇದೆಯಾ, ಡಿಸ್ಕ್ ಇದೆಯಾ ಎಂದು ಪರೀಕ್ಷಿಸಿ, ಎಲ್ಲ ಸರಿಯಿದ್ದರೆ ಡಿಸ್ಕಿನಲ್ಲಿ ಮಲಗಿರುವ ವಿಂಡೋಸನ್ನು ಎಬ್ಬಿಸಿ ಪಕ್ಕಕ್ಕೆ ಸರಿಯುತ್ತದೆ. ಈ ಮೆರವಣಿಗೆ ಎಲ್ಲಿ ನಿಂತಿತು ಎಂದು ಗೊತ್ತಾದರೆ ಅರ್ಧ ರೋಗ ಗೊತ್ತಾದಂತೆ.

ಗುಂಡಿ ಒತ್ತಿದರೂ ದೀಪವಿಲ್ಲ, ಫ್ಯಾನಿನ ಸದ್ದಿಲ್ಲ ಎಂದರೆ ಅದು ಕರೆಂಟಿನ ವಿಷಯ. ಅದೇ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಸಿಪಿಯು ಡಬ್ಬದ ಹಿಂದೆ, ವೈರು ಸಿಕ್ಕಿಸುವ ಜಾಗದ ಪಕ್ಕ ಒಂದು ಸಣ್ಣ ಸ್ವಿಚ್ ಇರುತ್ತದೆ. ಗುಡಿಸುವಾಗ ಕೈ ತಾಗಿ ಅದು ಆಫ್ ಆಗಿರುವುದುಂಟು. ಆಯುಧಪೂಜೆಗೆಂದು ಎಲ್ಲ ವೈರು ಬಿಚ್ಚಿ, ಒರೆಸಿ, ಕುಂಕುಮ ಹಚ್ಚಿ, ಮತ್ತೆ ಜೋಡಿಸುವಾಗ ಎಡವಟ್ಟಾದ ಕಥೆಗಳನ್ನಂತೂ ಬೇಕಾದಷ್ಟು ಕೇಳಿದ್ದೇನೆ. ಫ್ಯಾನ್ ತಿರುಗುತ್ತಿದ್ದೂ ಪರದೆ ಕಪ್ಪಗಿದ್ದರೆ ಮಾನಿಟರ್ ಕೇಬಲ್ ನೋಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದರೆ ಕೇಬಲನ್ನು ಆ ಕಾರ್ಡಿಗೇ ಸಿಕ್ಕಿಸಬೇಕು, ಮದರ್‌ಬೋರ್ಡಿನ ಕಿಂಡಿಗಲ್ಲ.

ಡಬ್ಬ ಬೀಪ್ ಬೀಪ್ ಎಂದು ಕೂಗುತ್ತಿದೆಯೇ? ಸಂತೋಷ! ಅದು ಮಾತಾಡುತ್ತಿದೆ ಎಂದರ್ಥ. ಎಷ್ಟು ಬೀಪ್, ಉದ್ದವೋ ಗಿಡ್ಡವೋ ಎಂದು ಎಣಿಸಿ ಬರೆದುಕೊಳ್ಳಿ. ಮಕ್ಕಳ ಕಿವಿ ಇದಕ್ಕೆ ಚುರುಕು. ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ, ಮದರ್‌ಬೋರ್ಡಿನ ಪುಸ್ತಕದಲ್ಲಿ ಪಟ್ಟಿ ಇರುತ್ತದೆ. ಬಿಡದೆ ಕೂಗುವ ಬೀಪಿಗೆ ಅನೇಕ ಸಲ ಕಾರಣ ರ‍್ಯಾಮ್. ಮಳೆಗಾಲದ ತೇವ, ಧೂಳು ಸೇರಿ ಅದರ ಹೊಂಬಣ್ಣದ ಅಂಚಿಗೆ ಪೊರೆ ಕಟ್ಟುತ್ತದೆ. ಮನೆಯ ದೊಡ್ಡವರೊಬ್ಬರು ಜೊತೆಗಿರಲಿ. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು, ಡಬ್ಬದ ಲೋಹವನ್ನು ಒಮ್ಮೆ ಮುಟ್ಟಿ, ಆಮೇಲೆ ರ‍್ಯಾಮ್ ಪಟ್ಟಿ ತೆಗೆಯಿರಿ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಆ ಅಂಚನ್ನು ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಕ್ಲಿಪ್ಪು ಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ಕರೆಂಟು ಹಂಚುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು.

ಇನ್ನು ಕಂಪನಿಯ ಲೋಗೋ ಬಂದು, ಕಪ್ಪು ಪರದೆಯ ಮೇಲೆ 'ಪ್ರಾಪರ್ ಬೂಟ್ ಡಿವೈಸ್' ಆರಿಸಿಕೊಳ್ಳಿ ಎಂಬಂಥ ಇಂಗ್ಲಿಷ್ ಸಾಲು ನಿಂತುಬಿಡುವ ಘಟ್ಟ. ಜನ ಹೆದರುವುದೂ, 'ಹಾರ್ಡ್‌ಡಿಸ್ಕ್ ಹೋಯ್ತು' ಎಂಬ ತೀರ್ಪು ಬೀಳುವುದೂ ಇಲ್ಲೇ. ಬಯಾಸ್ ಎದ್ದಿದೆ, ಆದರೆ ಯಾರನ್ನು ಎಬ್ಬಿಸಬೇಕೆಂದು ಅದಕ್ಕೆ ತಿಳಿಯುತ್ತಿಲ್ಲ. ಸಿಕ್ಕಿಸಿ ಮರೆತ ಪೆನ್‌ಡ್ರೈವೂ ಇದಕ್ಕೆ ಕಾರಣವಾಗಬಹುದು, ಮೊದಲು ಅದನ್ನು ಕಿತ್ತು ನೋಡಿ.

ನಮ್ಮ ಬೀದಿಯ ಒಂದು ಮನೆಯಲ್ಲಿ ಹೀಗೇ ಆಯಿತು. ತಾಯಿ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವರು. ಯಾರು ವಾರಕ್ಕೆ ಎಷ್ಟು ಕಟ್ಟಿದರು, ಯಾರ ಸಾಲ ಎಷ್ಟು ತೀರಿತು, ಎಲ್ಲ ಆ ಹಳೆಯ ಕಂಪ್ಯೂಟರಿನಲ್ಲಿ. ಬೇರೆಲ್ಲೂ ಪ್ರತಿ ಇಲ್ಲ. ರಿಪೇರಿಯವನಿಗೆ ಫೋನ್ ಮಾಡಿದರೆ, "ಡಿಸ್ಕ್ ಓದ್ತಿಲ್ಲಮ್ಮ, ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿಕೊಡ್ತೀನಿ" ಎಂದನಂತೆ. ಯಂತ್ರವನ್ನು ನೋಡದೆಯೇ! ಒಂಬತ್ತನೇ ಕ್ಲಾಸಿನ ಮಗಳು ನನ್ನ ಹತ್ತಿರ ಓಡಿಬಂದಳು. "ಎಲ್ಲಿಯವರೆಗೆ ಬಂತು?" ಎಂದು ಕೇಳಿದೆ. ಅವಳು ಹೇಳಿದ್ದರಲ್ಲಿ ಒಂದು ಮಾತು ಕಿವಿಗೆ ನಾಟಿತು: "ಆಂಟಿ, ಹದಿನೈದು ದಿನದಿಂದ ದಿನಾ ಬೆಳಿಗ್ಗೆ ಅದರ ಗಡಿಯಾರ ತಪ್ಪು ತೋರಿಸ್ತಿತ್ತು. ಸ್ಕೂಲ್ ವೆಬ್‌ಸೈಟೂ ಓಪನ್ ಆಗ್ತಿರಲಿಲ್ಲ."

ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ. ಸಿಆರ್ 2032 ಎಂದು ಅದರ ಮೇಲೇ ಬರೆದಿರುತ್ತದೆ. 3 ವೋಲ್ಟ್, 20 ಮಿಲಿಮೀಟರ್ ಅಗಲ. ಕಂಪ್ಯೂಟರಿಗೆ ಕರೆಂಟು ಇಲ್ಲದಾಗ ಗಡಿಯಾರವನ್ನು ನಡೆಸುವುದು ಅದೇ. ಹಳೆಯ ಯಂತ್ರಗಳಲ್ಲಿ ಬಯಾಸಿನ ಆಯ್ಕೆಗಳನ್ನು ನೆನಪಿಟ್ಟುಕೊಳ್ಳುವುದೂ ಅದರಿಂದಲೇ. ಸೆಲ್ ಸತ್ತರೆ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹಾರುತ್ತದೆ. ತಾರೀಕು ತಪ್ಪಿದರೆ ವೆಬ್‌ಸೈಟುಗಳ ಭದ್ರತಾ ಪ್ರಮಾಣಪತ್ರಗಳು ಲೆಕ್ಕಕ್ಕೆ ಹೊಂದದೆ ಬ್ರೌಸರ್ ಬಾಗಿಲು ಹಾಕುತ್ತದೆ. ಶುರು ಮಾಡುವಾಗ ಡಿಲೀಟ್ ಕೀ ಒತ್ತಿ ಬಯಾಸಿಗೆ ಹೋದೆವು (ಕೆಲವು ಯಂತ್ರಗಳಲ್ಲಿ ಎಫ್2). ತಾರೀಕು ಎಲ್ಲೋ ಇತ್ತು. ಆದರೆ ಡಿಸ್ಕಿನ ಹೆಸರು ಪಟ್ಟಿಯಲ್ಲಿ ಠೀವಿಯಿಂದ ಕೂತಿತ್ತು! ಅಂದರೆ ಡಿಸ್ಕ್ ಸತ್ತಿರಲಿಲ್ಲ. ಬೂಟ್ ಆಗುವ ವಿಧಾನ ಮಾತ್ರ ಹಳೆಯ 'ಲೆಗಸಿ'ಗೆ ಮರಳಿತ್ತು. ಅವರ ವಿಂಡೋಸ್ ಇದ್ದದ್ದು ಯುಇಎಫ್‌ಐ ವಿಧಾನದಲ್ಲಿ. ಮಗಳು ಗಡಿಯಾರದಂಗಡಿಯಿಂದ ಹೊಸ ಸೆಲ್ ತಂದಳು. ತಾರೀಕು ಸರಿಪಡಿಸಿ, ವಿಧಾನ ಬದಲಿಸಿ, ಉಳಿಸಿ ಹೊರಬಂದದ್ದೇ ತಡ, ವಿಂಡೋಸ್ ಎದ್ದಿತು. ಸಂಘದ ಲೆಕ್ಕ ಒಂದು ರೂಪಾಯಿಯೂ ಆಚೀಚೆ ಆಗದೆ ಇತ್ತು. ಆ ಸಂಜೆಯೇ ಅದರ ಪ್ರತಿ ಎರಡು ಪೆನ್‌ಡ್ರೈವಿಗೆ ಹೋಯಿತೆನ್ನಿ.

ಫಾರ್ಮ್ಯಾಟ್ ಎಂಬುದು ಕೆಟ್ಟದ್ದೇನಲ್ಲ. ಆದರೆ ಅದು ಸೋರುವ ಮನೆಯ ಹೆಂಚು ಸರಿಮಾಡುವ ಕೆಲಸವಲ್ಲ, ಸಾಮಾನು ಒಳಗಿದ್ದಂತೆಯೇ ಮನೆ ಕೆಡವಿ ಕಟ್ಟುವ ಕೆಲಸ. ಮೆಕ್ಯಾನಿಕ್‌ಗೆ ಅದು ಸುಲಭ, ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಮಗುವಿನ ನಾಮಕರಣದ ಫೋಟೋ ಅವನದ್ದಲ್ಲವಲ್ಲ!

ವಿಂಡೋಸ್ ಲೋಗೋ ಬಂದು ಚುಕ್ಕಿಗಳು ಸುತ್ತುತ್ತಲೇ ಇದ್ದರೆ ಅಥವಾ ನೀಲಿ ಪರದೆ ಬಂದರೆ, ಯಂತ್ರಭಾಗಗಳ ಮೊದಲ ಪರೀಕ್ಷೆ ಮುಗಿದಿದೆ, ಹೆಚ್ಚಾಗಿ ತೊಂದರೆ ತಂತ್ರಾಂಶದ್ದು. ಸತತವಾಗಿ ಎರಡು ಮೂರು ಸಲ ಏಳಲಾಗದಿದ್ದರೆ ವಿಂಡೋಸ್ ತಾನಾಗಿಯೇ ರಿಪೇರಿ ಪರದೆ ತೆರೆಯುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್ ಎಂದು ಹೋದರೆ ಸ್ಟಾರ್ಟಪ್ ರಿಪೇರಿ ಇದೆ. ಅದು ನಿಮ್ಮ ಫೈಲುಗಳನ್ನು ಅಳಿಸುವುದಿಲ್ಲ. ಪಕ್ಕದಲ್ಲೇ ಸ್ಟಾರ್ಟಪ್ ಸೆಟ್ಟಿಂಗ್ಸ್. ರೀಸ್ಟಾರ್ಟ್ ಆದ ಮೇಲೆ 4 ಒತ್ತಿದರೆ ಸೇಫ್ ಮೋಡ್, ಅಂದರೆ ಅತ್ಯಗತ್ಯದ್ದಷ್ಟೇ ಎದ್ದಿರುವ ವಿಂಡೋಸ್. ಇತ್ತೀಚೆಗೆ ಹಾಕಿದ ಯಾವುದೋ ತಂತ್ರಾಂಶ ತೊಂದರೆ ಕೊಡುತ್ತಿದ್ದರೆ ಅಲ್ಲಿಂದ ಅದನ್ನು ತೆಗೆಯಬಹುದು. 2024ರ ಜುಲೈ 19 ನೆನಪಿದೆಯೇ? ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ದೋಷವಿದ್ದ ಅಪ್‌ಡೇಟಿನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅಂಥ ಯಂತ್ರಗಳನ್ನು ಎಬ್ಬಿಸಲು ಹೇಳಿದ ದಾರಿ ಇದೇ: ಸೇಫ್ ಮೋಡಿಗೆ ಹೋಗಿ ಆ ಒಂದು ಫೈಲನ್ನು ಅಳಿಸುವುದು.

ಏನು ಮಾಡಿದರೂ ಏಳದಿದ್ದಾಗಲೂ ಫೈಲುಗಳಿಗೆ ದಾರಿ ಇದೆ. ಉಬುಂಟುವಿನಂಥ ಲಿನಕ್ಸನ್ನು ಪೆನ್‌ಡ್ರೈವಿಗೆ ಹಾಕಿ, ಡಿಸ್ಕ್ ಮುಟ್ಟದೆ ಅದರಿಂದಲೇ ಯಂತ್ರ ಎಬ್ಬಿಸಿ ಫೋಟೋ, ದಾಖಲೆಗಳನ್ನು ಹೊರಗೆ ನಕಲು ಮಾಡಬಹುದು. ಇಲ್ಲವೇ ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಬಹುದು. ಮೆಕ್ಯಾನಿಕ್‌ಗೆ ಹೇಳಬೇಕಾದದ್ದು ಇಷ್ಟೇ: "ಮೊದಲು ಫೈಲು ತೆಗೆದುಕೊಡಿ, ನಾನು ತೆರೆದು ನೋಡ್ತೀನಿ, ಆಮೇಲೆ ಫಾರ್ಮ್ಯಾಟ್." ಒಂದೇ ಒಂದು ಕಡೆ ಈ ಪ್ರಯೋಗವೂ ಬೇಡ. ಹಾರ್ಡ್‌ಡಿಸ್ಕ್ ಟಕ್ ಟಕ್ ಎಂದು ಬಡಿದುಕೊಳ್ಳುತ್ತಿದ್ದರೆ ತಕ್ಷಣ ಆಫ್ ಮಾಡಿ. ಪ್ರತಿ ಸಲ ಆನ್ ಮಾಡಿದಾಗಲೂ ಉಳಿದದ್ದು ಹಾಳಾಗಬಹುದು. ಅದು ಡೇಟಾ ರಿಕವರಿ ಮಾಡುವವರ ಕೆಲಸ, ಖರ್ಚೂ ಹೆಚ್ಚು.

ಹೊಸ ಲ್ಯಾಪ್‌ಟಾಪ್ ಇರುವವರಿಗೆ ಇನ್ನೊಂದು ವಿಷಯ. ಹಲವದರಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಮೊದಲೇ ಬಿದ್ದಿರುತ್ತದೆ. ಡಿಸ್ಕನ್ನು ಹೊರಗಿನಿಂದ ಓದಲು 48 ಅಂಕಿಗಳ ರಿಕವರಿ ಕೀ ಬೇಕು. ಸಾಮಾನ್ಯವಾಗಿ ಅದು ಲ್ಯಾಪ್‌ಟಾಪ್ ಶುರು ಮಾಡಿದಾಗ ಬಳಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಯಂತ್ರ ಸುಸೂತ್ರವಾಗಿ ನಡೆಯುತ್ತಿರುವ ಈ ವಾರವೇ ಅದನ್ನು ಹುಡುಕಿ, ರೇಷನ್ ಕಾರ್ಡು, ಮನೆ ಪತ್ರ ಇಡುವ ಫೈಲಿನಲ್ಲಿ ಕಾಗದದ ಮೇಲೆ ಬರೆದಿಡಿ.